ಸೊನ್ನೆಯಿಂದ ಹತ್ತರೊಳಗೆ

ಮುಖದ ಮೇಲೆ ಬೆರಳಿನಿಂದ ತಟ್ಟಿಕೊಂಡರೆ ಭಯ ಹೋಗುತ್ತದೆ ಅಂತ ನಾನು ಮೊದಲು ಕೇಳಿದ್ದು ಸಿಡ್ನಿಯಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಗಂಡನ ವೀಸಾ ಹಿಡಿದುಕೊಂಡು ಬಂದು, ಮೈಸೂರಿನಲ್ಲಿ ಓದಿದ್ದ ಸೈಕಾಲಜಿಯನ್ನು ಕೇಳುವವರು ಯಾರೂ ಇಲ್ಲದೆ, ಅಲ್ಲಿನ ಪ್ಯಾರಮಟ್ಟಾದ ಬಾಡಿಗೆ ಫ್ಲಾಟಿನಲ್ಲಿ ಕೂತು ಕೂತು ಸಾಕಾಗಿದ್ದ ಕಾಲ. ಲೈಬ್ರರಿಯ ಗೋಡೆಯ ಮೇಲೆ ಒಂದು ಜಾಹೀರಾತು ನೋಡಿ ಒಂದು ಶನಿವಾರ ಇದರ ಶಿಬಿರಕ್ಕೆ ಹೋದೆ. ಹೋಟೆಲೊಂದರ ಮೀಟಿಂಗ್ ರೂಮು. ನಡುವಯಸ್ಸಿನ ಹೆಂಗಸರೇ ಜಾಸ್ತಿ. ಹೇಳಿಕೊಡುತ್ತಿದ್ದವಳಿಗೆ ಉತ್ಸಾಹವೆಂದರೆ ಉತ್ಸಾಹ, ನೋಡಿದರೇ ಆಯಾಸವಾಗುವಷ್ಟು.

ಹುಬ್ಬಿನ ತುದಿ, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಕತ್ತಿನ ಕೆಳಗಿನ ಮೂಳೆ, ಕಂಕುಳ ಕೆಳಗೆ. ಒಂದೊಂದು ಕಡೆಯೂ ಎರಡು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಅದಕ್ಕೆ ಮೊದಲು ಅಂಗೈ ಪಕ್ಕವನ್ನು ತಟ್ಟುತ್ತಾ ಒಂದು ವಾಕ್ಯ ಹೇಳಬೇಕು: ‘ನನಗೆ ಈ ಭಯ ಇದ್ದರೂ ನನ್ನನ್ನು ನಾನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇನೆ.’ ಆಮೇಲೆ ನಿಮ್ಮ ಭಯ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳುತ್ತಾರೆ. ಮೊದಲು ಎಂಟು ಅಂದಿದ್ದವರು ಈಗ ಮೂರು ಅಂದರೆ ಎಲ್ಲರೂ ಚಪ್ಪಾಳೆ. ದೇವರ ಮುಂದೆ ಕೆನ್ನೆ ಬಡಿದುಕೊಳ್ಳುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಇಡೀ ರೂಮು ಒಟ್ಟಿಗೆ ಮುಖ ತಟ್ಟಿಕೊಳ್ಳುವಾಗ ನಗು ತಡೆಯಲಾರದೆ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋಗಿ ನಿಂತುಕೊಂಡೆ.

ಆದರೆ ಅದೇ ನನಗೆ ಅನ್ನ ಹಾಕಿತು ನೋಡಿ. ಗಂಡನ ಬ್ಯಾಂಕಿನ ಕಂಪ್ಯೂಟರ್ ಕೆಲಸ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ಗೆ ಬದಲಾಯಿತು. ಮತ್ತೆ ಗಂಟುಮೂಟೆ ಕಟ್ಟಿಕೊಂಡು ಹೋದೆವು. ಅಲ್ಲಿ ಒಂದು ಯೂನಿವರ್ಸಿಟಿಯಲ್ಲಿ ಈ ತಟ್ಟಿಕೊಳ್ಳುವ ಟ್ಯಾಪಿಂಗ್ ಬಗ್ಗೆಯೇ ಚಿಕ್ಕದೊಂದು ಪ್ರಯೋಗ ಶುರು ಮಾಡುತ್ತಿದ್ದರು. ಅಸಿಸ್ಟೆಂಟ್ ಬೇಕಾಗಿತ್ತು. ಇಂಟರ್‌ವ್ಯೂನಲ್ಲಿ ‘ನಿನಗೆ ಇದರ ಪರಿಚಯ ಇದೆಯಾ’ ಅಂತ ಕೇಳಿದಾಗ ಆ ಶನಿವಾರದ ಕಥೆ ಹೇಳಿದೆ, ಕೆಮ್ಮಿದ್ದನ್ನೂ ಸೇರಿಸಿ. ಪ್ರೊಫೆಸರ್ ನಕ್ಕುಬಿಟ್ಟಳು. ಕೆಲಸ ಸಿಕ್ಕಿತು.

ಅವಳು ಐವತ್ತು ದಾಟಿದ ಆಸ್ಟ್ರೇಲಿಯನ್ ಹೆಂಗಸು. ಮಾತು ನೇರ. ಟ್ಯಾಪಿಂಗ್ ಅನ್ನು ಅವಳು ನಂಬುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ‘ಇದು ಪವಾಡ ಅನ್ನೋರ ಹತ್ತಿರ ಸರಿಯಾದ ಸಾಕ್ಷಿ ಇಲ್ಲ, ಇದು ಬೊಗಳೆ ಅನ್ನೋರು ಕೂತು ನೋಡಿಲ್ಲ. ನಾವು ನೋಡೋಣ’ ಅನ್ನುತ್ತಿದ್ದಳು. ಜನಕ್ಕೆ ಸಮಾಧಾನ ಆಗುವುದು ಆ ಬಿಂದುಗಳಿಂದಲೋ, ಬಾಯಲ್ಲಿ ಹೇಳುವ ಮಾತಿನಿಂದಲೋ, ಇಲ್ಲ ಯಾರೋ ಒಬ್ಬರು ಎದುರು ಕೂತು ಗಮನ ಕೊಟ್ಟಿದ್ದರಿಂದಲೋ? ಅವಳಿಗೆ ತಿಳಿಯಬೇಕಾಗಿದ್ದು ಅಷ್ಟೇ. ಅದಕ್ಕೇ ಇಕ್ಕಟ್ಟಾದ ಜಾಗಕ್ಕೆ ಹೆದರುವ ಜನರನ್ನು ಸೇರಿಸಿ ಎರಡು ಗುಂಪು ಮಾಡಿದಳು. ಒಂದು ಗುಂಪಿಗೆ ಚಾರ್ಟ್‌ನಲ್ಲಿದ್ದ ಬಿಂದುಗಳು, ಇನ್ನೊಂದಕ್ಕೆ ನಾವೇ ಮನಸ್ಸಿಗೆ ಬಂದ ಹಾಗೆ ಗುರುತು ಮಾಡಿದ ತಪ್ಪು ಬಿಂದುಗಳು, ಮೊಣಕೈ, ತೊಡೆ ಹೀಗೆ. ತಟ್ಟುವುದನ್ನು ಅವಳೇ ಬೇರೆ ರೂಮಿನಲ್ಲಿ ಹೇಳಿಕೊಡುತ್ತಿದ್ದಳು, ಯಾರು ಯಾವ ಗುಂಪು ಅಂತ ನನಗೆ ಹೇಳುತ್ತಿರಲಿಲ್ಲ. ಹಳೆ ಕುರ್ಚಿ ತುಂಬಿದ್ದ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿ ಅವರನ್ನು ಸ್ವಲ್ಪ ಹೊತ್ತು ಕೂರಿಸೋದು, ಆಮೇಲೆ ‘ಈಗ ಎಷ್ಟು?’ ಅಂತ ಕೇಳಿ ಬರೆದುಕೊಳ್ಳೋದು ನನ್ನ ಕೆಲಸ. ಬೆಳಗಿಂದ ಸಾಯಂಕಾಲದವರೆಗೆ ಎಷ್ಟು, ಎಷ್ಟು, ಎಷ್ಟು. ತರಕಾರಿ ಅಂಗಡಿಯ ಮುಂದೆ ನಿಂತ ಹಾಗಾಗುತ್ತಿತ್ತು.

ಜನ ಸಾಲಲಿಲ್ಲ ಅಂತ ಅಲ್ಲಿನ ನಮ್ಮ ಕನ್ನಡದವರನ್ನೂ ಕರೆದೆ. ಅಲ್ಲಿಗೆ ಹೊಸ ತಾಪತ್ರಯ ಶುರುವಾಯಿತು. ಬೆಂಗಳೂರಿನ ಅಂಕಲ್ ಒಬ್ಬರು ಸ್ಟೋರ್ ರೂಮಿನಿಂದ ಆಚೆ ಬಂದರು, ಶರ್ಟೆಲ್ಲ ಬೆವರಿಗೆ ಒದ್ದೆ. ಎಷ್ಟು ಅಂಕಲ್ ಅಂದರೆ, ‘ನಿನಗೆ ಎಷ್ಟು ಬೇಕಮ್ಮ?’ ಅಂತ ನನ್ನನ್ನೇ ಕೇಳಿದರು. ನನಗೆ ಬೇಕಾದ್ದಲ್ಲ ಅಂಕಲ್, ನಿಮಗೆ ಎಷ್ಟಿದೆ ಹೇಳಿ ಅಂದೆ. ‘ಎರಡು ಬರ್ಕೊಳ್ಳಮ್ಮ, ಪಾಪ, ನಿನಗೂ ಕೆಲಸ ಆಗಬೇಕಲ್ಲ’ ಅಂದರು. ಉಡುಪಿ ಕಡೆಯ ಆಂಟಿಯೊಬ್ಬರು ಹೊರಗೆ ಬಂದ ತಕ್ಷಣ, ನಾನು ಕೇಳುವ ಮೊದಲೇ, ‘ಒಳ್ಳೇದಾಯ್ತು ಮಾರಾಯ್ತಿ, ಒಳ್ಳೇದಾಯ್ತು’ ಅಂತ ಹೇಳಿ ನೀರು ಕುಡಿಯುವುದಕ್ಕೆ ಓಡಿದರು. ನೆಂಟರ ಮನೆಯಲ್ಲಿ ಊಟಕ್ಕೆ ಕೂತು ಸಾರು ಉಪ್ಪಾಗಿದ್ದರೂ ಚೆನ್ನಾಗಿದೆ ಅನ್ನುವ ಜನ ನಾವು. ನಂಬರ್ ಕೇಳಿದರೆ ನಂಬರಿನಲ್ಲೂ ಅದನ್ನೇ ಮಾಡುತ್ತೇವೆ.

ಪ್ರೊಫೆಸರಿಗೆ ಹೇಳಿದೆ. ಜನ ಸಂಶೋಧಕರನ್ನು ಮೆಚ್ಚಿಸಲು ನೋಡುತ್ತಾರೆ, ಪುಸ್ತಕದಲ್ಲಿ ಇದಕ್ಕೊಂದು ಹೆಸರೇ ಇದೆ ಅಂದಳು. ಪುಸ್ತಕದಲ್ಲಿ ಇರಬಹುದು ತಾಯಿ, ಇದು ಮೆಚ್ಚಿಸುವುದಲ್ಲ, ದಾಕ್ಷಿಣ್ಯ, ನಾನು ಇದರಲ್ಲೇ ಹುಟ್ಟಿ ಬೆಳೆದವಳು ಅಂತ ವಿವರಿಸಲು ಹೋದೆ. ದಾಕ್ಷಿಣ್ಯಕ್ಕೆ ಇಂಗ್ಲಿಷಿನಲ್ಲಿ ಏನು ಅಂತ ಹುಡುಕುವುದರೊಳಗೆ ಅವಳ ಟೀ ಮುಗಿದಿತ್ತು.

ಅಕ್ಕನ ಕಿವಿಯ ವಿಷಯ ಬಂದಿದ್ದು ಆಗಲೇ.

ನನ್ನ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಭಾವನ ಜೊತೆ ನನಗಿಂತ ಎಷ್ಟೋ ಮೊದಲೇ ಮೆಲ್ಬರ್ನ್‌ಗೆ ಬಂದು, ಸ್ಕೂಲು ಚೆನ್ನಾಗಿದೆ ಅಂತ ಗ್ಲೆನ್ ವೇವರ್ಲಿಯಲ್ಲಿ ಮಾರ್ಟ್‌ಗೇಜ್ ಮಾಡಿ ಮನೆ ತಗೊಂಡಿದ್ದರು. ಓದಿ ಮುಗಿಸಿ ಮಕ್ಕಳಿಬ್ಬರೂ ಬೇರೆ ಊರು ಸೇರಿದರು. ಅಕ್ಕ ಹತ್ತಿರದ ಚೈಲ್ಡ್ ಕೇರ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಬಲಗಡೆಯಿಂದ ಮಗು ಕರೆದರೆ ಕೇಳಿಸುತ್ತಿಲ್ಲ ಅಂತ ಅವಳಿಗೆ ಮೊದಲು ಗೊತ್ತಾಗಿದ್ದು ಅಲ್ಲಿಯೇ. ಜೊತೆಗೆ ಕಿವಿಯೊಳಗೆ ಗುಂಯ್ ಅನ್ನುವ ಸದ್ದು. ಡಾಕ್ಟರ್ ಪರೀಕ್ಷೆ ಮಾಡಿ, ಕಿವಿಯ ನರದ ಮೇಲೆ ಗಡ್ಡೆ ಇರಬಹುದು, ಎಂಆರ್‌ಐ ಸ್ಕ್ಯಾನ್ ಆಗಲೇಬೇಕು ಅಂದರು. ಬೇಗ ಗೊತ್ತಾದರೆ ಕಿವಿ ಉಳಿಸಲು ನೋಡಬಹುದು. ತಡವಾದರೆ ಕಿವಿ ಹೋಗುತ್ತೆ, ಇನ್ನೂ ತಡವಾದರೆ ಮುಖದ ನರಕ್ಕೂ ತೊಂದರೆ, ಅರ್ಧ ಮುಖ ಬಿದ್ದುಹೋಗಬಹುದು.

ತೊಂದರೆ ಏನಪ್ಪಾ ಅಂದರೆ ಅಕ್ಕ ಆ ಮೆಷಿನ್ನಿನ ಕೊಳವೆಯೊಳಗೆ ಹೋಗಲಾರಳು. ಇಕ್ಕಟ್ಟು ಅಂದರೆ ಅವಳಿಗೆ ಮೊದಲಿಂದಲೂ ಆಗಿಬರದು. ಲಿಫ್ಟ್ ಹತ್ತಲ್ಲ, ಎಷ್ಟು ಮಹಡಿಯಾದರೂ ಮೆಟ್ಟಿಲೇ. ಬಾತ್‌ರೂಮಿಗೆ ಚಿಲಕ ಹಾಕಲ್ಲ, ಒಳಗೆ ಇದ್ದೀನಿ ಅಂತ ಮನೆಯವರಿಗೆ ಗೊತ್ತಾಗಲಿ ಅಂತ ಸ್ನಾನ ಮುಗಿಯುವವರೆಗೂ ಹಾಡು ಹೇಳುತ್ತಾಳೆ. ಮೊದಲ ಸಲ ಬಾಕ್ಸ್ ಹಿಲ್‌ನ ಸ್ಕ್ಯಾನ್ ಸೆಂಟರಿಗೆ ಹೋದಾಗ ಭುಜದವರೆಗೆ ಒಳಗೆ ಹೋಗಿ, ಸಾಕು ಅನ್ನಿಸಿದರೆ ಗಂಟೆ ಹೊಡೆಯಲಿ ಅಂತ ಕೈಗೆ ಕೊಟ್ಟಿದ್ದ ರಬ್ಬರ್ ಉಂಡೆ ಹಿಸುಕಿ ಆಚೆ ಬಂದಳು. ಎರಡನೇ ಸಲ ಭಯಕ್ಕೆ ಅಂತ ಮಾತ್ರೆ ಕೊಟ್ಟರು. ಮೆಷಿನ್ನಿನ ಹಲಗೆಯ ಮೇಲೆ ಮಲಗಿಯೂ ಕಣ್ಣು ಮುಚ್ಚದೆ ಎದ್ದು ಬಂದವಳು ಮನೆಗೆ ವಾಪಸ್ ಬರುವ ಕಾರಿನಲ್ಲಿ ಗೊರಕೆ ಹೊಡೆದಳು. ಇನ್ನು ಉಳಿದದ್ದು ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದು. ಅದಕ್ಕೆ ಅನಸ್ತೇಶಿಯಾ ಡಾಕ್ಟರ್ ಬೇಕು, ಆಸ್ಪತ್ರೆಯ ಸರದಿ ಬೇಕು. ಸರದಿ ಸಿಕ್ಕಿತು, ಆದರೆ ಎಷ್ಟೋ ತಿಂಗಳ ಆಚೆಗೆ.

‘ನಿನ್ನ ಆಫೀಸಿನಲ್ಲಿ ಇದನ್ನೇ ಅಲ್ವಾ ಮಾಡೋದು? ಇವಳಿಗೂ ಸ್ವಲ್ಪ ತಟ್ಟಿ ಕಳಿಸಮ್ಮ’ ಅಂದರು ಭಾವ.

ಸ್ವಂತ ಅಕ್ಕನನ್ನು ಪ್ರಯೋಗಕ್ಕೆ ಸೇರಿಸುವ ಹಾಗಿರಲಿಲ್ಲ. ಮನೆಯಲ್ಲೇ ಹೇಳಿಕೊಡ್ತೀನಿ ಅಂದೆ. ಪ್ರೊಫೆಸರಿಗೂ ತಿಳಿಸಿದೆ. ಕೆಟ್ಟದ್ದೇನೂ ಆಗಲ್ಲ, ಆದರೆ ಆಸ್ಪತ್ರೆಯ ಸರದಿ ಮಾತ್ರ ಬಿಡಬೇಡಿ ಅಂದಳು. ಹೀಗೆ ವಾರಕ್ಕೆ ಮೂರು ನಾಲ್ಕು ಸಂಜೆ ಯೂನಿವರ್ಸಿಟಿ ಮುಗಿಸಿ ಗ್ಲೆನ್ ವೇವರ್ಲಿ ಟ್ರೇನ್ ಹತ್ತುವ ಕೆಲಸ ನನ್ನ ಕೊರಳಿಗೆ ಬಿತ್ತು. ಆ ಲೈನಿಗೆ ಅದೇ ಕೊನೆಯ ಸ್ಟೇಷನ್. ಎಲ್ಲರೂ ಇಳಿದು ಹೋಗಿ ಬೋಗಿ ಖಾಲಿಯಾದ ಮೇಲೂ ನಾನು ಕೂತೇ ಇರುತ್ತಿದ್ದೆ. ದಿನವಿಡೀ ಬೇರೆಯವರ ಭಯಕ್ಕೆ ನಂಬರ್ ಹಾಕಿ, ಸಂಜೆ ಮತ್ತೆ ಅದನ್ನೇ ಮಾಡುವುದಕ್ಕೆ ಅಷ್ಟು ದೂರ. ಮನೆಗೆ ವಾಪಸ್ ಬಂದರೆ ಗಂಡ ಮ್ಯಾಗಿ ತಿಂದು ಮಲಗಿರುತ್ತಿದ್ದ. ಬೈಯುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಮೊದಲನೇ ದಿನವೇ ಅಕ್ಕ ತಕರಾರು ತೆಗೆದಳು. ‘ನನಗೆ ಭಯ ಇದೆ, ಭಯ ಇದೆ ಅಂತ ನಾನೇ ಬಾಯಿ ಬಿಟ್ಟು ಹೇಳೋದಾ? ಮುಸ್ಸಂಜೆ ಹೊತ್ತಲ್ಲಿ? ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಕಣೆ, ಅಸ್ತು ಅಂದುಬಿಟ್ರೆ?’

‘ಗ್ಲೆನ್ ವೇವರ್ಲಿ ಮೇಲೆ ಯಾಕೆ ಓಡಾಡ್ತಾರೆ? ವೀಸಾ ಯಾರು ಕೊಟ್ರು?’ ಅಂದೆ.

ಅವಳು ನಗಲಿಲ್ಲ. ಚಿಕ್ಕವರಿದ್ದಾಗ ನಮ್ಮ ಬಾಯಿಂದ ಏನಾದರೂ ಅಪಶಕುನದ ಮಾತು ಬಂದರೆ ಅಮ್ಮ ‘ಬಿಡ್ತು ಅನ್ನು’ ಅಂತ ಗದರುತ್ತಿದ್ದಳು, ನಾವು ‘ಬಿಡ್ತು’ ಅನ್ನುವವರೆಗೂ ತಟ್ಟೆಗೆ ಅನ್ನ ಬೀಳುತ್ತಿರಲಿಲ್ಲ. ಅಕ್ಕ ಅದನ್ನೇ ಹಿಡಿದಳು. ಅಂಗೈ ಪಕ್ಕ ತಟ್ಟುತ್ತಾ, ‘ನನಗೆ ಈ ಭಯ ಇದ್ದರೂ, ಬಿಡ್ತು, ನನ್ನನ್ನು ನಾನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇನೆ.’ ಬಿಡ್ತು ಸೇರಿಸಬೇಡ ಅಂದರೆ ಕೇಳಲಿಲ್ಲ. ‘ಒಪ್ಪಿಕೊಳ್ಳೋದು ಅಂದ್ರೇನು, ನನ್ನನ್ನು ನಾನು ಒಪ್ಪದೆ ಇನ್ಯಾರು ಒಪ್ತಾರೆ, ನಿಮ್ಮ ಭಾವನಾ?’ ಅಂತ ಅದಕ್ಕೂ ಒಂದು ಕೊಂಕು. ಮಾರನೇ ದಿನ ಟೀ ಕುಡಿಯುವಾಗ ಪ್ರೊಫೆಸರಿಗೆ ಇದನ್ನು ಹೇಳಿದರೆ ಅವಳು ಯೋಚನೆಗೆ ಬಿದ್ದಳು. ಭಯವನ್ನು ಒಪ್ಪಿಕೊಂಡ ಮರುಕ್ಷಣವೇ ಅದನ್ನು ರದ್ದು ಮಾಡಿದರೆ ಅದು ಚಿಕಿತ್ಸೆ ಆಯಿತಾ, ಆಗಲಿಲ್ಲವಾ? ನಮ್ಮ ಪ್ರಯೋಗಕ್ಕೆ ಬಂದ ನಿಮ್ಮವರೆಲ್ಲ ಮನಸ್ಸಿನಲ್ಲೇ ಹೀಗೆ ಅಂದುಕೊಳ್ಳುತ್ತಿರಬಹುದಾ? ನನಗೇನು ಗೊತ್ತು. ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೆ ನನ್ನ ಹತ್ತಿರ ಕಾಲಂ ಇರಲಿಲ್ಲ.

ಅಭ್ಯಾಸಕ್ಕೆ ಅಕ್ಕನ ಬೆಡ್‌ರೂಮಿನ ಬಟ್ಟೆ ಇಡುವ ಗೂಡು ಆರಿಸಿಕೊಂಡೆವು. ಒಬ್ಬರು ನಿಲ್ಲುವಷ್ಟು ಜಾಗ. ಸೀರೆಗಳು, ಭಾವನ ಕೋಟುಗಳು, ಕೆಳಗೆ ಸೂಟ್‌ಕೇಸುಗಳು. ಅವಳು ಒಳಗೆ ಕೂತರೆ ನಾನು ಬಾಗಿಲ ಹೊರಗೆ ಕಾರ್ಪೆಟ್ ಮೇಲೆ ಕೂರುತ್ತಿದ್ದೆ. ಮೊದಲು ಬಾಗಿಲು ಪೂರ್ತಿ ತೆಗೆದು, ಆಮೇಲೆ ಅರ್ಧ, ಆಮೇಲೆ ಒಂದು ಗೇಣು. ಒಳಗಿಂದ ಬೆರಳು ತಟ್ಟುವ ಸದ್ದು, ‘ಬಿಡ್ತು’ ಅನ್ನುವ ಸದ್ದು. ಸುಸ್ತಾಗಿ ನಾನು ಅಲ್ಲೇ ತೂಕಡಿಸುತ್ತಿದ್ದೆ. ಭಾವ ಬಂದು ಇಣುಕಿ, ‘ಏನಮ್ಮ, ಅಕ್ಕನನ್ನು ಮಡಿಸಿ ಇಟ್ಯಾ?’ ಅನ್ನುತ್ತಿದ್ದರು.

ಮುಗಿದ ಮೇಲೆ ಅಕ್ಕ ಕಾಫಿ ಮಾಡುತ್ತಿದ್ದಳು. ಹೊತ್ತಾಯ್ತು, ಬೇಡ ಅಂದರೂ ಕೇಳುತ್ತಿರಲಿಲ್ಲ. ಒಂದು ಸಲ ಅವರೆಕಾಳು ಉಪ್ಪಿಟ್ಟು, ಒಂದು ಸಲ ಹುಳಿಯವಲಕ್ಕಿ. ನನ್ನ ಎದುರಿಗೆ ಕೂತು ಚೈಲ್ಡ್ ಕೇರ್‌ನ ಮಕ್ಕಳ ಕಥೆ, ಅಮ್ಮನ ಕಾಲದ ಕಥೆ, ನಾನು ಕೂಸಾಗಿದ್ದಾಗ ಅವಳ ಸೊಂಟದ ಮೇಲಿಂದ ಇಳಿಯುತ್ತಲೇ ಇರಲಿಲ್ಲ ಅನ್ನುವ ಕಥೆ. ನನ್ನ ಕಣ್ಣು ಗಡಿಯಾರದ ಮೇಲೆ. ಟ್ರೇನ್ ತಪ್ಪಿದರೆ ಇನ್ನೊಂದಕ್ಕೆ ಅರ್ಧ ಗಂಟೆ ಕಾಯಬೇಕಲ್ಲ ಅನ್ನುವುದೇ ನನಗೆ ದೊಡ್ಡ ಚಿಂತೆ.

ಒಂದು ಸಂಜೆ ಕಣ್ಣಿನ ಕೆಳಗೆ ತಟ್ಟುತ್ತಾ ತಟ್ಟುತ್ತಾ ಅವಳು ನಿಲ್ಲಿಸಿದಳು. ‘ಎಡಗಡೆ ಗೊತ್ತಾಗುತ್ತೆ. ಈ ಕಡೆ ಬಟ್ಟೆ ಮೇಲಿಂದ ಮುಟ್ಟಿದ ಹಾಗಿದೆ ಕಣೆ’ ಅಂದಳು. ನಾನು ಮುಟ್ಟಿದೆ. ಕಣ್ಣು ಮುಚ್ಚು, ಎಲ್ಲಿ ಮುಟ್ಟುತ್ತಿದ್ದೀನಿ ಹೇಳು ಅಂದೆ. ಬಲಗಡೆ ಕೆನ್ನೆಯ ಮೇಲೆ ನನ್ನ ಬೆರಳು ಇದ್ದಾಗಲೂ ಅವಳು ‘ಇನ್ನೂ ಮುಟ್ಟಿಲ್ಲ’ ಅಂದಳು.  ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಆಸ್ಪತ್ರೆಯ ಸರದಿ ಸ್ವಲ್ಪ ಬೇಗ ಬರುವ ಹಾಗೆ ಮಾಡಿಸಿದರು. ಆದರೂ ವಾರಗಟ್ಟಲೆ ಇತ್ತು. ಅಷ್ಟರೊಳಗೆ ಎಚ್ಚರದಲ್ಲೇ ಮಾಡಿಸಿಕೊಳ್ಳಲು ಆದರೆ ಬಾಕ್ಸ್ ಹಿಲ್‌ನಲ್ಲಿ ನಾಳೆ ಬೇಕಾದರೂ ಜಾಗ ಕೊಡಿಸ್ತೀನಿ ಅಂದರು. ಅಂದಿನಿಂದ ನಾನು ಸುಸ್ತು ಗಿಸ್ತು ಅನ್ನದೆ ದಿನಾ ಹೋದೆ.

ಅಕ್ಕ ಆವತ್ತು ಡಾಕ್ಟರ ಹತ್ತಿರದಿಂದ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದಳು. ‘ಇದು ಕೆಲಸ ಮಾಡುತ್ತಾ? ನಿಜ ಹೇಳು. ನಿನಗೆ ಗೊತ್ತಿರುತ್ತಲ್ಲ.’

ನಿಜವಾಗಿ ನನಗೆ ಗೊತ್ತಿರಲಿಲ್ಲ. ಪ್ರೊಫೆಸರ್ ಆ ಹೊತ್ತಿಗೆ ಲೆಕ್ಕ ತೆಗೆಯಲು ಶುರು ಮಾಡಿದ್ದಳು. ಸರಿಯಾದ ಬಿಂದು ತಟ್ಟಿಕೊಂಡವರಿಗೂ ಸಮಾಧಾನವಾಗಿತ್ತು, ತಪ್ಪು ಬಿಂದು ತಟ್ಟಿಕೊಂಡವರಿಗೂ ಆಗಿತ್ತು. ಬಿಂದುವಿನಿಂದ ಏನೂ ಇಲ್ಲ ಅನ್ನೋಣವೆಂದರೆ ಅಷ್ಟು ಹೇಳುವಷ್ಟು ಜನ ಬಂದಿರಲಿಲ್ಲ. ಆ ಪ್ರಯೋಗದ ವರದಿ ಕೊನೆಗೂ ಎಲ್ಲೂ ಅಚ್ಚಾಗಲಿಲ್ಲ. ಇದನ್ನೆಲ್ಲ ಅಕ್ಕನಿಗೆ ಹೇಳಿದರೆ ಅವಳು ಕೈಬಿಡುತ್ತಾಳೆ. ಮಾಡುತ್ತೆ ಅಂದರೆ ಸುಳ್ಳು. ‘ಕೆಲವರಿಗೆ ಆಗುತ್ತೆ’ ಅಂದೆ. ಅದು ನಿಜ, ಆದರೆ ಅವಳು ಕೇಳಿದ್ದಕ್ಕೆ ಉತ್ತರವಲ್ಲ. 

ಆಮೇಲಿನ ವಾರ ಪ್ರೊಫೆಸರ್ ಜೊತೆ ಸಿಡ್ನಿಗೆ ಹೋಗಬೇಕಾಯಿತು. ಇಂಥದ್ದೇ ಕೆಲಸ ಮಾಡುವವರ ಚಿಕ್ಕದೊಂದು ಸಭೆ. ಪ್ರೊಫೆಸರ್ ಎದ್ದು ನಿಂತು, ನಮಗೆ ಇನ್ನೂ ಏನೂ ಗೊತ್ತಾಗಿಲ್ಲ ಅನ್ನುವುದನ್ನು ಬಹಳ ಮರ್ಯಾದೆಯಿಂದ ಹೇಳಿದಳು. ಯಾರಿಗೂ ಹಿಡಿಸಲಿಲ್ಲ. ಟ್ಯಾಪಿಂಗ್ ಮಾಡಿಸುವವರು ಬಂದು, ಕಣ್ಣೆದುರಿಗೆ ಜನ ಗುಣವಾಗುತ್ತಿರುವಾಗ ನಿಮಗೆ ಇನ್ನೆಂಥ ಸಾಕ್ಷಿ ಬೇಕು ಅಂತ ಜಗಳ ತೆಗೆದರು. ಅದನ್ನು ನಂಬದವರು ಬಂದು, ಗಮನ ಬೇರೆ ಕಡೆ ತಿರುಗಿದರೆ ಯಾವ ಭಯವಾದರೂ ಇಳಿಯುತ್ತೆ, ಇದಕ್ಕೆ ದುಡ್ಡು ದಂಡ ಯಾಕೆ ಅಂದರು. ನಾನು ಕಾಫಿ ಡ್ರಮ್ಮಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದೆ. ಬೆಳಗಿನ ಜಾವದ ವಿಮಾನ, ನಿದ್ದೆ ಇಲ್ಲ, ಕಾಲು ಬೇರೆ ನೋವು. ಎರಡೂ ಕಡೆಯವರು ಒಂದು ಕ್ಷಣ ಬಾಯಿ ಮುಚ್ಚಿದರೆ ಸಾಕಾಗಿತ್ತು ನನಗೆ.

ಆಗ ಅಕ್ಕನ ಫೋನ್ ಬಂತು. ಅವಳೇ ಗೂಡಿನೊಳಗೆ ಕೂತು, ಭಾವನ ಹತ್ತಿರ ಬಾಗಿಲು ಪೂರ್ತಿ ಹಾಕಿಸಿಕೊಂಡಿದ್ದಳಂತೆ.

‘ಎಷ್ಟು?’ ಅಂದೆ.

‘ಎರಡು.’

‘ನಿಜವಾಗ್ಲೂ?’

‘ಹ್ಞೂಂ ಕಣೆ. ಯಾಕೆ ನಿನ್ನ ದನಿ ಹೀಗಿದೆ? ಊಟ ಮಾಡಿದ್ಯಾ?’

ಕಣ್ಣಲ್ಲಿ ನೀರು ಬಂದುಬಿಟ್ಟಿತು ನನಗೆ. ಎರಡು ಅಂದರೆ ಎಚ್ಚರದಲ್ಲೇ ಸ್ಕ್ಯಾನ್ ಮಾಡಿಸಬಹುದು, ಇನ್ನು ಕಾಯಬೇಕಾಗಿಲ್ಲ. ಅನಸ್ತೇಶಿಯಾ ಬೇಡ ಅಲ್ವಾ ಹಾಗಾದರೆ ಅಂತ ಕೇಳಿದೆ. ಅಕ್ಕ ‘ಬೇಡ’ ಅಂದಳು. ಆಸ್ಪತ್ರೆಯ ಸರದಿ ಹಾಗೇ ಇರಲಿ ಅಂತ ನಾನು ಹೇಳುವುದರೊಳಗೆ ಭಾವ ಫೋನ್ ಕಿತ್ತುಕೊಂಡು, ‘ನಿಮ್ಮಕ್ಕ ಪಾಸಾದಳಮ್ಮ’ ಅಂದರು. ಮಾರನೇ ದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ, ಬೇರೆ ಯಾರಿಗಾದರೂ ಉಪಯೋಗವಾಗಲಿ ಅಂತ ಸರದಿಯನ್ನೂ ಬಿಟ್ಟುಕೊಟ್ಟರು. ಬಾಕ್ಸ್ ಹಿಲ್‌ನಲ್ಲಿ ಅದೇ ವಾರಕ್ಕೆ ಬುಕ್ ಮಾಡಿದರು.

ಸ್ಕ್ಯಾನ್ ದಿನ ಮೈಮೇಲೆ ಲೋಹದ್ದೇನೂ ಇರಬಾರದು ಅಂದರು. ಅಕ್ಕ ತಾಳಿ, ಬಳೆ, ಕಾಲುಂಗುರ, ತಲೆಯ ಪಿನ್ನು ಎಲ್ಲ ತೆಗೆದು ಭಾವನ ಕೈಗೆ ಕೊಟ್ಟಳು. ಜೊತೆಗೆ ಒಬ್ಬರು ಒಳಗೆ ಇರಬಹುದು ಅಂದಿದ್ದಕ್ಕೆ ನಾನೂ ನನ್ನದನ್ನೆಲ್ಲ ಬಿಚ್ಚಿ ಕೊಟ್ಟೆ. ಎರಡು ತಾಳಿಗಳನ್ನು ಶರ್ಟಿನ ಜೇಬಿನಲ್ಲಿ ಹಾಕಿಕೊಂಡು, ಮೇಲೆ ಕೈ ಮುಚ್ಚಿಕೊಂಡು ಭಾವ ಕಾಯುವ ಕುರ್ಚಿಯಲ್ಲಿ ಕೂತರು.

ಒಳಗೆ ಮೆಷಿನ್ ನಡೆಸುವ ಹುಡುಗಿ ಅಕ್ಕನನ್ನು ಮಲಗಿಸಿದಳು. ತಲೆಯನ್ನು ದಿಂಬಿನಿಂದ ಎರಡೂ ಕಡೆ ಬಿಗಿಮಾಡಿ, ಮುಖದ ಮೇಲೆ ಪಂಜರದಂಥದ್ದೊಂದನ್ನು ಹಾಕಿ ಕ್ಲಿಪ್ ಮಾಡಿದಳು. ಕೈ ಎರಡೂ ಪಕ್ಕಕ್ಕೆ, ಪಟ್ಟಿ ಕಟ್ಟಿದಳು. ಅಲ್ಲಾಡಲೇಬಾರದು, ಅಲ್ಲಾಡಿದರೆ ಚಿತ್ರ ಕೆಡುತ್ತೆ ಅಂದಳು. ನಾನು ನೋಡುತ್ತಾ ನಿಂತೆ. ಮುಖ ಪಂಜರದೊಳಗೆ, ಕೈ ಪಟ್ಟಿಯೊಳಗೆ. ಇವಳು ತಟ್ಟಿಕೊಳ್ಳುವುದಾದರೂ ಎಲ್ಲಿ? ಇಷ್ಟು ದಿನ ಗೂಡಿನಲ್ಲಿ ಕೂರಿಸಿ ಕಲಿಸಿದ್ದೆಲ್ಲ ಏನು? ಕೊಳವೆ ಅವಳನ್ನು ಎದೆಯವರೆಗೆ ಒಳಗೆ ಎಳೆದುಕೊಂಡಿತು. ಉಸಿರು ಎರಡು ಸಲ ಜೋರಾಗಿ ಕೇಳಿಸಿತು, ಆಮೇಲೆ ರಬ್ಬರ್ ಉಂಡೆಯ ಗಂಟೆ.

ಆಚೆ ತೆಗೆದರು. ಅಕ್ಕ ಎದ್ದು ಕೂತಳು. ಮುಖ ಬಿಳಿಚಿಕೊಂಡಿತ್ತು, ಕತ್ತೆಲ್ಲ ಬೆವರು. ಹುಡುಗಿ ನೀರು ತರಲು ಹೋದಳು.

‘ಎರಡು ಅಂದ್ಯಲ್ಲ?’ ಅಂದೆ. ಇಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದಿದ್ದು ಆ ನಂಬರೇ.

‘ಹತ್ತು’ ಅಂದಳು. ‘ಆವತ್ತೂ ಹತ್ತೇ. ಗೂಡಿನಲ್ಲೂ ಹತ್ತೇ. ಒಂದು ದಿನವೂ ಕಮ್ಮಿಯಾಗಿರಲಿಲ್ಲ.’

‘ಮತ್ತೆ ಯಾಕೆ…’

‘ನೀನು ಅಷ್ಟು ದೂರದಲ್ಲಿ ಸುಸ್ತಾಗಿ ನಿಂತಿದ್ದೆ. ದನಿ ಕೇಳಿದ್ರೇ ಗೊತ್ತಾಗ್ತಿತ್ತು. ಹತ್ತು ಅಂತ ಹೇಗೆ ಹೇಳಲಿ ನಿನಗೆ?’

ನನಗೆ ಎಷ್ಟು ಸಿಟ್ಟು ಬಂತು ಅಂದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಊರಿನವರೆಲ್ಲ ಹೀಗೆ ಸುಳ್ಳು ನಂಬರ್ ಕೊಡುತ್ತಾರೆ ಅಂತ ಪ್ರೊಫೆಸರಿಗೆ ಪಾಠ ಹೇಳಿದವಳು ನಾನು. ಸ್ವಂತ ಅಕ್ಕ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಿದೆ. ಆಸ್ಪತ್ರೆಯ ಸರದಿ ಹೋಗಿತ್ತು. ಮತ್ತೆ ಹೊಸದಾಗಿ ಹೆಸರು ಕೊಟ್ಟು ಎಷ್ಟು ತಿಂಗಳು ಕಾಯಬೇಕೋ. ಅಲ್ಲಿಯವರೆಗೆ ಅವಳ ಮುಖ ಹೀಗೇ ಇರುತ್ತಾ?  

ಅಕ್ಕ ನೀರು ಕುಡಿದು ಲೋಟ ವಾಪಸ್ ಕೊಟ್ಟಳು. ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಆಮೇಲೆ ಆ ಹುಡುಗಿಗೆ ಇಂಗ್ಲಿಷಿನಲ್ಲಿ, ಇನ್ನೊಂದು ಸಲ ನೋಡೋಣ ಅಂದಳು. ನನಗೆ ಕನ್ನಡದಲ್ಲಿ, ‘ಹತ್ತೇ ಇರಲಿ. ನೀನು ಆಚೆ ಹೋಗ್ಬೇಡ’ ಅಂದಳು.

ಕಾಲಿನ ಹತ್ತಿರ ನನಗೊಂದು ಕುರ್ಚಿ ಹಾಕಿದರು. ಅವಳ ಮೈಯೆಲ್ಲ ಒಳಗೆ ಹೋಗಿ ಪಾದ ಮಾತ್ರ ನನ್ನ ಕಡೆ ಉಳಿದಿತ್ತು. ನಾನು ಬಲಗಾಲು ಹಿಡಿದುಕೊಂಡೆ. ಅಭ್ಯಾಸಬಲ, ಎರಡು ಬೆರಳು ತಾವಾಗಿಯೇ ತಟ್ಟಲು ಶುರು ಮಾಡಿದವು. ಗಾಜಿನ ಆಚೆಯಿಂದ ಆ ಹುಡುಗಿ ಮೈಕಿನಲ್ಲಿ, ತಟ್ಟಬೇಡಿ, ಅಲ್ಲಾಡುತ್ತೆ, ಸುಮ್ಮನೆ ಹಿಡ್ಕೊಳ್ಳಿ ಅಂದಳು. ಸುಮ್ಮನೆ ಹಿಡಿದುಕೊಂಡೆ. ಮೆಷಿನ್ ರಸ್ತೆ ಅಗೆಯುವ ಸದ್ದು ಮಾಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅವಳ ಪಾದ ತಣ್ಣಗಿತ್ತು, ಬೆವತಿತ್ತು, ಉದ್ದಕ್ಕೂ ನಡುಗುತ್ತಿತ್ತು. ಆದರೆ ಗಂಟೆ ಒತ್ತಲಿಲ್ಲ. ಮುಗಿದು ಆಚೆ ಬಂದ ಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡಳು.

ಗಡ್ಡೆ ಇತ್ತು. ಕೆಟ್ಟ ಗಡ್ಡೆಯಲ್ಲ, ಆದರೆ ಬೆಳೆದಿತ್ತು. ಆಪರೇಷನ್ ಬೇಗ ಆಯಿತು. ಮುಖ ಉಳಿಯಿತು, ಬಲಗಿವಿ ಹೋಯಿತು. ಕೆಲವು ತಿಂಗಳು ಮೊದಲೇ ಬಂದಿದ್ದರೆ ಕಿವಿಯೂ ಉಳಿಯುತ್ತಿತ್ತಾ ಅಂತ ಭಾವ ಸರ್ಜನ್ನನ್ನು ಕೇಳಿದರು. ಉಳಿಯುತ್ತಿತ್ತೇನೋ, ಖಂಡಿತ ಹೇಳಲಾರೆ ಅಂದರು ಅವರು. ಪ್ರೊಫೆಸರ್ ಹೂವು ಕಳಿಸಿದಳು. ಅಕ್ಕ ಕೊನೆಗೆ ಒಳಗೆ ಹೋದಳಲ್ಲ, ಅದಕ್ಕೆ ಟ್ಯಾಪಿಂಗ್‌ನಿಂದ ಏನಾದರೂ ಸಹಾಯವಾಯಿತಾ ಅಂತ ನನ್ನನ್ನು ಕೇಳಿದಳು. ನಾನು ಅದಕ್ಕೂ ಗೊತ್ತಿಲ್ಲ ಅಂದೆ. ಆ ವರ್ಷ ನಾನು ಆಡಿದ್ದರಲ್ಲಿ ಹೆಚ್ಚು ಪಾಲು ಆ ಒಂದು ಮಾತೇ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳ ಮಂಚದ ಎಡಗಡೆ ಕೂತಿದ್ದೆ. ಆ ಕಡೆ ಕೂತರೆ ಮಾತ್ರ ಅವಳಿಗೆ ಕೇಳಿಸುತ್ತಿತ್ತು. ತಲೆಗೆ ಇನ್ನೂ ಬ್ಯಾಂಡೇಜ್. ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇತ್ತು, ಕೇಳಿಬಿಟ್ಟೆ.

‘ನೀನು ಮೊದಲೇ ಎರಡು ಸಲ ಆ ಮೆಷಿನ್ನಿನಲ್ಲಿ ಮಲಗಿದ್ದೋಳು. ಒಳಗೆ ಕೈ ಆಡಿಸೋ ಹಾಗಿಲ್ಲ, ಮುಖ ಮುಟ್ಟೋ ಹಾಗಿಲ್ಲ ಅಂತ ನಿನಗೆ ಗೊತ್ತಿತ್ತು. ಮೊದಲನೇ ದಿನವೇ ಹೇಳಬಾರದಿತ್ತಾ? ಅಷ್ಟೂ ದಿನ ವೇಸ್ಟ್ ಆಯ್ತಲ್ಲ. ಇದಕ್ಕೂ ದಾಕ್ಷಿಣ್ಯವಾ?’

ಅಕ್ಕ ಹೊದಿಕೆಯ ಅಂಚನ್ನು ಸರಿಮಾಡಿಕೊಂಡಳು.

‘ದಾಕ್ಷಿಣ್ಯ ಅಲ್ಲ ಕಣೆ. ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ’ ಅಂದಳು. ‘ನೀನು ಸಿಡ್ನಿಯಿಂದ ಈ ಊರಿಗೆ ಬಂದ ಮೇಲೆ ನಮ್ಮನೆಗೆ ಎಷ್ಟು ಸಲ ಬಂದಿದ್ದೆ ಹೇಳು. ಹಬ್ಬಕ್ಕೆ ಬಂದ್ರೂ ಊಟ ಮಾಡಿ ಎದ್ದು ಹೋಗ್ತಿದ್ದೆ. ಮಕ್ಕಳು ಹೋದ ಮೇಲೆ ನನ್ನ ಎದುರು ಯಾರೂ ಅಷ್ಟು ಹೊತ್ತು ಕೂತಿರಲಿಲ್ಲ. ಕಿವಿ ಹೇಗಿದ್ರೂ ಹೋಗುತ್ತೆ, ನೀನು ಬರೋ ಅಷ್ಟು ದಿನ ಬರ್ಲಿ ಅಂದ್ಕೊಂಡೆ.’

ನಿಲ್ಲಿಸುತ್ತಿದ್ದೆನಾ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಇದಕ್ಕೆ ಮಾತ್ರ ಉತ್ತರ ಗೊತ್ತಿತ್ತು. ಹೌದು, ನಿಲ್ಲಿಸುತ್ತಿದ್ದೆ.